ಹಿರಿಯರ ಫೋನ್ ತರಗತಿ: ಹನ್ನೆರಡು ಜನ ಮೂರೇ ವಾರಕ್ಕೆ ಐದಾಗಿದ್ದಾರೆ. ಎಲ್ಲಿ ತಪ್ಪಿದೆ?

ಭಾನುವಾರದ ಮೇಷ್ಟ್ರು:

ಹೆಸರಿಗಷ್ಟೇ ಮೇಷ್ಟ್ರು, ಹೊಟ್ಟೆಪಾಡಿಗೆ ಸಾಫ್ಟ್‌ವೇರ್ ಟೆಸ್ಟಿಂಗ್. ನಮ್ಮ ಕಟ್ಟಡದ ಹಿರಿಯರು "ಸ್ವಲ್ಪ ಫೋನ್ ಹೇಳಿಕೊಡಪ್ಪ" ಅಂತ ಒಂದು ವರ್ಷದಿಂದ ಕೇಳ್ತಾ ಇದ್ದರು. ಮೂರು ವಾರದ ಹಿಂದೆ ಕೆಳಗಿನ ಹಾಲ್‌ನಲ್ಲಿ ಶುರು ಮಾಡಿದೆ. ಪ್ರತಿ ಭಾನುವಾರ ಬೆಳಿಗ್ಗೆ ಒಂದೂವರೆ ಗಂಟೆ. ಮೊದಲ ವಾರ ಹನ್ನೆರಡು ಜನ. ಎರಡನೇ ವಾರ ಒಂಬತ್ತು. ಮೊನ್ನೆ ಐದು. ಆ ಐದರಲ್ಲಿ ಒಬ್ಬರು ನನ್ನ ಅತ್ತೆ, ಅವರು ಬರದೆ ವಿಧಿಯಿಲ್ಲ.

ತಯಾರಿಯಿಲ್ಲದೆ ಹೋದೆ ಅಂತ ಯಾರೂ ಹೇಳೋ ಹಾಗಿಲ್ಲ. 34 ಸ್ಲೈಡ್ ಮಾಡಿದ್ದೆ. ನನ್ನ ಫೋನಿನ ಸ್ಕ್ರೀನ್ ಪ್ರೊಜೆಕ್ಟರ್‌ನಲ್ಲಿ ಗೋಡೆ ತುಂಬ ಕಾಣೋ ಹಾಗೆ ಮಾಡಿದ್ದೆ. ಮೊದಲ ದಿನ ಫೋನಿನ ಭಾಗಗಳು, ವೈಫೈ ಅಂದರೇನು, ಮೊಬೈಲ್ ಡೇಟಾ ಅಂದರೇನು, ಕೊನೆಗೆ ಆನ್‌ಲೈನ್ ಮೋಸದ ಬಗ್ಗೆ ಎಂಟು ಸ್ಲೈಡ್. ಎರಡನೇ ವಾರ ಆಪ್ ಹಾಕೋದು, ತೆಗೆಯೋದು, ಫೋಟೋ ಕಳಿಸೋದು. "ಅರ್ಥ ಆಯ್ತಾ?" ಅಂದರೆ "ಆಯ್ತು, ಆಯ್ತು" ಅಂತ ಎಲ್ಲರದೂ ತಲೆ ಅಲ್ಲಾಡುತ್ತೆ. ಮುಂದಿನ ವಾರ ಬಂದು ನೋಡಿದರೆ ಸ್ಲೇಟು ಒರೆಸಿದ ಹಾಗೆ.

ಇಬ್ಬರ ವಿಷಯ ನನ್ನ ತಲೆಯಲ್ಲೇ ಕೂತಿದೆ. ಒಬ್ಬರು ಲೆಕ್ಕಪತ್ರದ ಕೆಲಸದಲ್ಲಿ ಮೂವತ್ತೈದು ವರ್ಷ ಕಳೆದವರು. ನಾನು ಹೇಳಿದ ಐಕಾನನ್ನೇ ಒತ್ತುತ್ತಾರೆ, ಆದರೆ ಬೇರೇನೋ ಆಗುತ್ತೆ. "ನಿಮ್ಮ ಕೈಗೆ ಬರುತ್ತೆ, ನನ್ನ ಕೈಗೆ ಬರಲ್ಲ" ಅಂದು ಫೋನನ್ನ ಜೇಬಿಗೆ ಹಾಕಿಕೊಂಡರು. ಮೂರನೇ ವಾರ ಬರಲಿಲ್ಲ. ಇನ್ನೊಬ್ಬರು ಒಂದೂವರೆ ಗಂಟೆಯೂ ಫೋನನ್ನ ಮಡಿಲಲ್ಲಿಟ್ಟುಕೊಂಡು ಗೋಡೆ ನೋಡ್ತಾ ಕೂತಿರ್ತಾರೆ. ಒಂದು ಸಲವೂ ಮುಟ್ಟಿಲ್ಲ.

ನನ್ನ ಪ್ರಶ್ನೆ ಇಷ್ಟು. ಯಾವುದನ್ನ ಮೊದಲು ಹೇಳಿಕೊಡಬೇಕು? ಹನ್ನೆರಡು ಜನರ ಕೈಯಲ್ಲಿ ಹನ್ನೆರಡು ಥರದ ಫೋನ್ ಇದ್ದರೆ ಏನು ಮಾಡೋದು? ಕೇಳೋಕೆ ಮುಜುಗರ, ಆದರೂ ಕೇಳಿಬಿಡ್ತೀನಿ: ಆ ವಯಸ್ಸಿಗೆ ಇದು ತಲೆಗೆ ಹತ್ತಲ್ವಾ?

ಬೆರಳಚ್ಚು:

ಮೂರೇ ವಾರಕ್ಕೆ ಬಂದು ಕೇಳಿದಿರಲ್ಲ, ಪುಣ್ಯಾತ್ಮರು. ನಾನು ಇದೇ ತಪ್ಪನ್ನ ಒಂದು ವರ್ಷ ಮಾಡಿದ ಮೇಲೆ ಎಚ್ಚೆತ್ತವಳು. ಇಪ್ಪತ್ತೆರಡು ವರ್ಷ ಟೈಪಿಂಗ್ ಕಲಿಸಿದೆ. ಏಳು ವರ್ಷದಿಂದ ಹಿರಿಯರಿಗೆ ಫೋನು, ಟ್ಯಾಬು ಹೇಳಿಕೊಡ್ತಿದ್ದೀನಿ.

ಮೊದಲು ಪ್ರೊಜೆಕ್ಟರ್ ಎತ್ತಿಡಿ. ಅದಿದ್ದರೆ ಅವರು ಗೋಡೆ ನೋಡ್ತಾರೆ, ನೀವೂ ಗೋಡೆ ನೋಡ್ತೀರಿ. ನೋಡಬೇಕಾದ್ದು ಅವರ ಬೆರಳನ್ನ.

ನಿಮ್ಮ ಲೆಕ್ಕಪತ್ರದವರ ಕಥೆ ಓದಿದ ಕೂಡಲೇ ಅವರ ಹೆಬ್ಬೆರಳು ನನ್ನ ಕಣ್ಣಿಗೆ ಬಂತು. ಅವರ ಕೈಯೆಲ್ಲ ಪಳಗಿದ್ದು ಗಟ್ಟಿ ಗುಂಡಿಗಳ ಮೇಲೆ. ಕ್ಯಾಲ್ಕುಲೇಟರು, ಟೈಪ್‌ರೈಟರು, ಕರೆಗಂಟೆ, ಯಾವುದನ್ನೇ ಆಗಲಿ ಒತ್ತಿದರೆ ಅದು ಕೆಳಗೆ ಹೋಗಬೇಕು, ಹೋದದ್ದು ಬೆರಳಿಗೆ ಗೊತ್ತಾಗಬೇಕು. ಗಾಜು ಕೆಳಗೆ ಹೋಗಲ್ಲ. ಹಾಗಾಗಿ ಅವರು ಇನ್ನೂ ಒತ್ತುತ್ತಾರೆ. ಫೋನಿಗೋ, ಬೆರಳು ಸುಮಾರು ಅರ್ಧ ಸೆಕೆಂಡ್ ನಿಂತರೆ ಸಾಕು, ಅದು 'ಮುಟ್ಟಿದ್ದು' ಅಲ್ಲ, 'ಒತ್ತಿ ಹಿಡಿದದ್ದು'. ಎರಡಕ್ಕೂ ಅದರ ಲೆಕ್ಕದಲ್ಲಿ ಬೇರೆ ಬೇರೆ ಅರ್ಥ. ಆಪ್ ತೆರೆಯೋ ಬದಲು ಐಕಾನ್ ಅಲ್ಲಾಡುತ್ತೆ, ಒಂದು ಸಣ್ಣ ಪಟ್ಟಿ ಬಿಚ್ಚಿಕೊಳ್ಳುತ್ತೆ, ಗಾಬರಿಯಲ್ಲಿ ಎಳೆದರೆ ಐಕಾನ್ ಇನ್ನೆಲ್ಲೋ ಹೋಗಿ ಕೂರುತ್ತೆ. ಅವರು ನೀವು ಹೇಳಿದ್ದನ್ನೇ ಮಾಡಿದ್ದಾರೆ, ಸ್ವಾಮಿ. ಸ್ವಲ್ಪ ಹೆಚ್ಚು ಹೊತ್ತು ಮಾಡಿದ್ದಾರೆ, ಅಷ್ಟೆ.

ಇದು ಎಲ್ಲಿಗೆ ಮುಟ್ಟುತ್ತೆ ಅನ್ನೋದಕ್ಕೆ ಒಂದು ಕಥೆ ಹೇಳ್ತೀನಿ. ನನ್ನ ಹತ್ತಿರ ಬರ್ತಿದ್ದ ಒಬ್ಬ ಅಜ್ಜಿ ಒಂದು ದಿನ ತರಗತಿ ಮುಗಿದ ಮೇಲೂ ಎದ್ದು ಹೋಗದೆ ಕೂತಿದ್ದರು. ಏನಮ್ಮ ಅಂದೆ. "ಮಗಳು ಎರಡು ತಿಂಗಳಿಂದ ಮೆಸೇಜು ಮಾಡ್ತಿಲ್ಲ. ಏನು ತಪ್ಪು ಮಾತಾಡಿದೆನೋ ಗೊತ್ತಿಲ್ಲ. ಫೋನ್ ಮಾಡಿದರೆ ಚೆನ್ನಾಗೇ ಮಾತಾಡ್ತಾಳೆ, ಕೇಳೋಕೆ ನಾಚಿಕೆ" ಅಂದರು. ಫೋನ್ ಈಸ್ಕೊಂಡು ನೋಡಿದೆ. ಮಗಳ ಹೆಸರಿನ ಮೇಲೆ ಬೆರಳು ಜಾಸ್ತಿ ಹೊತ್ತು ನಿಂತಿತ್ತು, ಮೇಲುಗಡೆ ಒಂದು ಸಾಲು ಗುರುತು ಬಂದಿತ್ತು, ಅದು ಹೋಗಲಿ ಅಂತ ಅಲ್ಲೇ ಎಲ್ಲೋ ಮುಟ್ಟಿದ್ದರು. ಬಾಣವಿರೋ ಪೆಟ್ಟಿಗೆಯ ಗುರುತು. ಆರ್ಕೈವ್. ಮಗಳ ಮಾತುಕತೆ ಪೂರ್ತಿ ಆ ಪೆಟ್ಟಿಗೆಯೊಳಗೆ ಹೋಗಿ ಕೂತಿತ್ತು. ಎರಡು ತಿಂಗಳಲ್ಲಿ ಅರವತ್ತೊಂದು ಮೆಸೇಜು, ಮೊಮ್ಮಗುವಿನ ಫೋಟೋಗಳು ಬೇರೆ. ಕೊನೆಯದು: "ಅಮ್ಮಾ ನೀನು ಯಾಕೆ ಏನೂ ಬರೀತಿಲ್ಲ?"

ಅವತ್ತಿನಿಂದ ನನ್ನ ಮೊದಲ ಪಾಠ ಬೆರಳಿಂದು. ಇಸ್ತ್ರಿಪೆಟ್ಟಿಗೆ ಕಾದಿದೆಯಾ ಅಂತ ಹೇಗೆ ಮುಟ್ಟಿ ನೋಡ್ತೀರಿ, ಹಾಗೆ ಮುಟ್ಟಿ ಅಂತೀನಿ. ಎಲ್ಲರಿಗೂ ತಕ್ಷಣ ಬರುತ್ತೆ. ಆಂಡ್ರಾಯ್ಡ್ ಫೋನಿನ ಆಕ್ಸೆಸಿಬಿಲಿಟಿ ಸೆಟ್ಟಿಂಗ್‌ನಲ್ಲಿ 'ಟಚ್ ಅಂಡ್ ಹೋಲ್ಡ್ ಡಿಲೇ' ಅಂತ ಇರುತ್ತೆ, ಅದನ್ನ 'ಲಾಂಗ್' ಮಾಡಿಕೊಡಿ. ಐಫೋನಿನಲ್ಲಿ 'ಟಚ್ ಅಕಾಮಡೇಷನ್ಸ್' ನೋಡಿ. ಕೆಲವರದು ತದ್ವಿರುದ್ಧ, ಎಷ್ಟು ಮುಟ್ಟಿದರೂ ಫೋನಿಗೆ ತಿಳಿಯಲ್ಲ. ಈ ಪರದೆಗಳು ಭಾರ ಅಳೆಯಲ್ಲ, ಚರ್ಮದ ಮೂಲಕ ಆಗೋ ವಿದ್ಯುತ್ತಿನ ಸಣ್ಣ ಬದಲಾವಣೆ ಗುರುತಿಸ್ತವೆ. ವಯಸ್ಸಾದ ಮೇಲೆ ಬೆರಳ ತುದಿ ಒಣಗುತ್ತೆ. ಉಗುರಿನ ತುದಿಯಲ್ಲಿ ಕುಟ್ಟಿದರಂತೂ ಏನೂ ಆಗಲ್ಲ. ಕೈಗೆ ಸ್ವಲ್ಪ ಕ್ರೀಮ್ ಹಚ್ಚಿ ಚೆನ್ನಾಗಿ ಒರೆಸಿಕೊಂಡು ಕೂರಿಸಿ, ಇಲ್ಲಾ ತುದಿ ಬಿಟ್ಟು ಬೆರಳಿನ ದಿಂಬಿನಲ್ಲಿ ಮುಟ್ಟಿಸಿ.

ಎರಡನೇ ಪಾಠ, ವಾಪಸ್ ಬರೋದು. ಹೋಗೋದಲ್ಲ, ಬರೋದು. ಮಡಿಲಲ್ಲಿ ಫೋನಿಟ್ಟುಕೊಂಡು ಕೂತವರು ದಡ್ಡರೂ ಅಲ್ಲ, ಸೋಮಾರಿಗಳೂ ಅಲ್ಲ. ಒಳಗೆ ಹೋದರೆ ಹೊರಗೆ ಬರೋ ದಾರಿ ಗೊತ್ತಿಲ್ಲ, ಅದಕ್ಕೇ ಹೊಸಿಲಲ್ಲೇ ನಿಂತಿದ್ದಾರೆ. ನಾನು ಹೇಗೆ ಮಾಡ್ತೀನಿ ಅಂದರೆ: "ಎಲ್ಲರೂ ಕಣ್ಣು ಮುಚ್ಚಿ ಎಲ್ಲಾದರೂ ಮೂರು ಕಡೆ ಮುಟ್ಟಿ. ಈಗ ಕಣ್ಣು ಬಿಟ್ಟು ಮನೆಗೆ ಬನ್ನಿ." ಹೋಮ್ ಗುಂಡಿ. ಮತ್ತೆ ಕಣ್ಣು ಮುಚ್ಚಿ. ಮತ್ತೆ ಮನೆಗೆ ಬನ್ನಿ. ಹತ್ತು ಸಲ. ಆರನೇ ಸಲಕ್ಕೆ ನಗು ಶುರುವಾಗುತ್ತೆ. ಯಾರದೋ ಫೋನಲ್ಲಿ ಕ್ಯಾಮೆರಾ ತೆರೆದು ಅವರ ಗಲ್ಲ ಅವರಿಗೇ ಕಾಣಿಸುತ್ತೆ. ಆ ಒಂದು ದಿನ ಬೇರೇನೂ ಹೇಳಿಕೊಡಲ್ಲ ನಾನು. ಫೋನ್ ಮುರಿಯೋ ವಸ್ತು ಅಲ್ಲ ಅಂತ ಬಾಯಲ್ಲಿ ಎಷ್ಟು ಸಲ ಹೇಳಿದರೂ ಪ್ರಯೋಜನ ಇಲ್ಲ. ಹತ್ತು ಸಲ ದಾರಿ ತಪ್ಪಿ ಹತ್ತು ಸಲ ಮನೆ ಸೇರಿದ ಕೈಗೆ ಅದು ತಾನಾಗಿ ಗೊತ್ತಾಗುತ್ತೆ.

ತಲೆಗೆ ಹತ್ತಲ್ವಾ ಅಂದಿರಿ. ಹರ್ಮನ್ ಎಬ್ಬಿಂಗ್‌ಹೌಸ್ ಅನ್ನೋ ಜರ್ಮನ್ ಪಂಡಿತ ಅರ್ಥವಿಲ್ಲದ ಅಕ್ಷರಗುಚ್ಛಗಳನ್ನ ಬಾಯಿಪಾಠ ಮಾಡಿ, ತಾನು ಎಷ್ಟು ಬೇಗ ಮರೀತೀನಿ ಅಂತ ತನ್ನ ಮೇಲೇ ಅಳೆದು 1885ರಲ್ಲಿ ಪುಸ್ತಕ ಬರೆದ. ಒಂದು ದಿನ ಕಳೆಯೋಷ್ಟರಲ್ಲಿ ಸುಮಾರು ಮೂರರಲ್ಲಿ ಎರಡು ಪಾಲು ಹೋಗಿತ್ತು. ಆಗ ಅವನ ವಯಸ್ಸು ಮೂವತ್ತರ ಆಸುಪಾಸು. ಭಾನುವಾರ ಹೇಳಿಕೊಟ್ಟು ಮುಂದಿನ ಭಾನುವಾರದವರೆಗೆ ಮುಟ್ಟದೆ ಇದ್ದರೆ ನೀವೂ ಮರೀತೀರಿ, ನಾನೂ ಮರೀತೀನಿ. ವಯಸ್ಸಿನಿಂದ ನಿಧಾನ ಆಗೋದು ನಿಜ, ಒಂದೇ ಸಲ ನಾಲ್ಕು ಹೊಸ ವಿಷಯ ತಲೇಲಿ ಹಿಡಿದಿಟ್ಟುಕೊಳ್ಳೋದು ಕಷ್ಟ ಅನ್ನೋದೂ ನಿಜ. ಅದಕ್ಕೇ ತರಗತಿಗೆ ಒಂದೇ ವಿಷಯ, ಮನೆಗೆ ದಿನಕ್ಕೆ ಐದು ನಿಮಿಷದ ಕೆಲಸ. ನಾನು ಕೊಡೋದು: ದಿನಾ ಒಂದು ಫೋಟೋ ತೆಗೆದು ನನಗೆ ಕಳಿಸಿ. ಏನಾದರೂ ಸರಿ. ಒಬ್ಬರು ತಿಂಗಳು ಪೂರ್ತಿ ತಮ್ಮ ಚಪ್ಪಲಿಯ ಫೋಟೋ ಕಳಿಸಿದರು. ಪಾಠ ಬಂತು ತಾನೇ?

ಇಸ್ಪೀಟ್ ಆಟವನ್ನೂ ಕೀಳಾಗಿ ನೋಡಬೇಡಿ. 1990ರಲ್ಲಿ ವಿಂಡೋಸ್ 3.0 ಜೊತೆ ಬಂದ ಸಾಲಿಟೇರ್ ಆಡ್ತಾ ಆಡ್ತಾ ಒಂದು ತಲೆಮಾರಿನ ಗುಮಾಸ್ತರಿಗೆ ಮೌಸ್ ಹಿಡಿದು ಎಳೆಯೋದು, ಬಿಡೋದು ಕೈಗೆ ಬಂತು. ಪಾಠ ಅಂತ ಯಾರೂ ಹೇಳಿಕೊಟ್ಟಿರಲಿಲ್ಲ.

ಹನ್ನೆರಡು ಫೋನಿನ ವಿಷಯಕ್ಕೆ ಬರ್ತೀನಿ. ಒಂದೇ ಥರದ ಫೋನಿರೋರನ್ನ ಜೋಡಿ ಮಾಡಿ ಕೂರಿಸಿ, ಒಬ್ಬರಿಗೆ ಬಂದದ್ದನ್ನ ಅವರೇ ಪಕ್ಕದವರಿಗೆ ತೋರಿಸಲಿ. ನನ್ನ ಕಂಡುಹಿಡಿತ ಅಲ್ಲ ಇದು. ಹಿರಿಯರಿಗೆ ಅಂತ 'ಯೂನಿವರ್ಸಿಟಿ ಆಫ್ ದಿ ಥರ್ಡ್ ಏಜ್' 1973ರಲ್ಲಿ ಫ್ರಾನ್ಸಿನ ಟುಲೂಸ್‌ನಲ್ಲಿ ಶುರುವಾದಾಗ ಪಾಠ ಮಾಡ್ತಿದ್ದದ್ದು ವಿಶ್ವವಿದ್ಯಾಲಯದವರು. 1982ರಲ್ಲಿ ಅದು ಬ್ರಿಟನ್ನಿಗೆ ಬಂದಾಗ ಆ ಏರ್ಪಾಡು ಬಿಟ್ಟು, ಸದಸ್ಯರೇ ಸದಸ್ಯರಿಗೆ ಕಲಿಸೋ ಪದ್ಧತಿ ಮಾಡಿಕೊಂಡರು. ಗೆಳತಿ ಎದುರು "ಇನ್ನೊಂದು ಸಲ ತೋರಿಸೇ" ಅನ್ನೋಕೆ ನಾಚಿಕೆ ಇಲ್ಲ. ಮೊಮ್ಮಗನ ವಯಸ್ಸಿನ ನಿಮ್ಮೆದುರು ಇದೆ. ಅದಕ್ಕೇ "ಆಯ್ತು, ಆಯ್ತು" ಬರೋದು.

ಸುಮ್ನೆ ಓದೋನು:

ಇಷ್ಟೆಲ್ಲ ಯಾಕೆ? ಒಂದು ವಿಡಿಯೋ ಮಾಡಿ ಗುಂಪಿಗೆ ಹಾಕಿದರಾಯ್ತು. ಎಷ್ಟು ಸಲ ಬೇಕಾದರೂ ನೋಡ್ಕೋತಾರೆ.

ಬೆರಳಚ್ಚು:

ವಿಡಿಯೋ ನೋಡ್ತಾ ಇರೋ ಫೋನಿನಲ್ಲೇ ಅದನ್ನ ಮಾಡಿಯೂ ನೋಡಬೇಕಲ್ಲಪ್ಪ. ವಿಡಿಯೋ ನಿಲ್ಲಿಸಿ, ಹೊರಗೆ ಬಂದು, ಇನ್ನೊಂದು ಆಪ್‌ಗೆ ಹೋಗಿ, ಮರೆತು, ಮತ್ತೆ ವಿಡಿಯೋಗೆ ವಾಪಸ್ ಬರೋದು. ಅಷ್ಟು ಬಂದರೆ ಅವರಿಗೆ ನಮ್ಮ ತರಗತಿಯೇ ಬೇಡ.

ಎಪ್ಪತ್ಮೂರು:

ನಾನು ಕಲಿಸುವವಳಲ್ಲ, ಕಲಿತವಳು. ವಯಸ್ಸು ಹೆಸರಿನಲ್ಲೇ ಇದೆ. ಪ್ರೌಢಶಾಲೆಯಲ್ಲಿ ಗಣಿತ ಹೇಳಿಕೊಟ್ಟು ನಿವೃತ್ತಳಾದೆ, ಆದ್ದರಿಂದ ಮಾತು ಸ್ವಲ್ಪ ಖಾರವಾದರೆ ಕ್ಷಮಿಸಿ.

ಭಾನುವಾರದ ಮೇಷ್ಟ್ರೇ, ತರಗತಿಯಲ್ಲಿ ನೀವು "ಇದು ತುಂಬಾ ಸುಲಭ" ಎಂದು ಎಷ್ಟು ಸಲ ಹೇಳಿದ್ದೀರಿ? ಲೆಕ್ಕ ಇಟ್ಟಿಲ್ಲ ತಾನೇ. ನನಗೆ ಹೇಳಿಕೊಡಲು ಬಂದ ಹುಡುಗ ಒಂದು ಗಂಟೆಯಲ್ಲಿ ಹದಿನಾಲ್ಕು ಸಲ ಹೇಳಿದ, ನಾನು ಪುಸ್ತಕದ ಮೂಲೆಯಲ್ಲಿ ಗೆರೆ ಹಾಕಿಕೊಂಡಿದ್ದೆ. ಧೈರ್ಯ ತುಂಬಲು ಹೇಳುತ್ತಾನೆ, ಗೊತ್ತು. ಆದರೆ ಸುಲಭವಾದದ್ದು ನನಗೆ ಬರದಿದ್ದರೆ ನಾನು ಏನಾದೆ? ಬೀಜಗಣಿತ ಹೇಳಿಕೊಡುವಾಗ ನಾನೂ ಮಕ್ಕಳಿಗೆ ಇದೇ ಮಾತು ಹೇಳುತ್ತಿದ್ದೆ. ಹಿಂದಿನ ಬೆಂಚಿನಲ್ಲಿ ಕೂತವರ ಮುಖ ಆಗ ಕಾಣಲಿಲ್ಲ, ಈಗ ಕಾಣುತ್ತಿದೆ. ಬೇಕಿದ್ದರೆ "ಇದು ಸ್ವಲ್ಪ ತೊಡಕಿನದು" ಎನ್ನಿ. ಬಂದರೆ ಹೆಮ್ಮೆ, ಬರದಿದ್ದರೆ ಅವಮಾನವಿಲ್ಲ.

ನಿಮ್ಮ ಎಂಟು ಸ್ಲೈಡಿನ ಮೋಸದ ಪಾಠ. ಮೊದಲ ದಿನವೇ! ಈಜು ಕಲಿಯಲು ಬಂದವರಿಗೆ ಮುಳುಗಿ ಸತ್ತವರ ಫೋಟೋ ತೋರಿಸಿದ ಹಾಗೆ. ನಿಮ್ಮ ಮೂವರು ಎರಡನೇ ವಾರಕ್ಕೆ ಬರದಿದ್ದುದು ಅದೇ ಕಾರಣಕ್ಕೆ ಎಂದು ನನ್ನ ಊಹೆ. ಹಾಗೆಂದು ಅದನ್ನು ಬಿಡಿ ಎನ್ನುತ್ತಿಲ್ಲ, ನಮ್ಮ ವಯಸ್ಸಿನವರನ್ನೇ ಹುಡುಕಿಕೊಂಡು ಬರುವವರಿದ್ದಾರೆ. ಆದರೆ ನಮಗೆ ಕಷ್ಟ ಆಗುವುದು ಮೋಸ ಎಂದು ಗುರುತಿಸುವುದರಲ್ಲಿ ಮಾತ್ರವಲ್ಲ. ಎದುರಿನವರು ಮಾತಾಡುತ್ತಿರುವಾಗ ಮಧ್ಯೆ ಫೋನ್ ಇಡುವುದರಲ್ಲಿ. ಅದು ಮರ್ಯಾದೆಯಲ್ಲ ಎಂದು ಎಪ್ಪತ್ತು ವರ್ಷ ನಂಬಿಕೊಂಡು ಬಂದವರು ನಾವು. ಅವನು "ಅಮ್ಮಾ, ಒಂದು ನಿಮಿಷ ಲೈನಿನಲ್ಲಿರಿ" ಎಂದರೆ ಇರುತ್ತೇವೆ. ಆಮೇಲೆ ಅವನು ಓಟಿಪಿ ಕೇಳುತ್ತಾನೆ. ಓಟಿಪಿ ಕೊಡಬಾರದು ಎಂದು ನಮಗೆ ಗೊತ್ತು. ಅಷ್ಟು ಹೊತ್ತು ಲೈನಿನಲ್ಲಿ ಕೂತು ಮಾತು ಕೇಳಿದ ಮೇಲೆ ಇಲ್ಲ ಎನ್ನುವುದು ಗೊತ್ತಿಲ್ಲ. ನನ್ನ ಸೊಸೆ ಪಕ್ಕದ ಕೋಣೆಯಿಂದ ಫೋನ್ ಮಾಡಿ, ಬ್ಯಾಂಕಿನವಳ ಹಾಗೆ ಮಾತಾಡಿ, ನಾನು ಮಧ್ಯದಲ್ಲಿ ಕಟ್ ಮಾಡುವ ತನಕ ಬಿಡಲಿಲ್ಲ. ನಾಲ್ಕನೇ ಸಲಕ್ಕೆ ಮಾಡಿದೆ. ಕೈ ನಡುಗಿತು.

ಇನ್ನೊಂದು. ಜಪಾನಿನ ಮಸಾಕೊ ವಾಕಾಮಿಯಾ ಅವರ ಕಥೆಯನ್ನು ದಯವಿಟ್ಟು ಸ್ಲೈಡಿನಲ್ಲಿ ಹಾಕಬೇಡಿ. 2017ರಲ್ಲಿ, 81ನೇ ವಯಸ್ಸಿನಲ್ಲಿ, ಗೊಂಬೆ ಜೋಡಿಸುವ 'ಹಿನಾದಾನ್' ಎಂಬ ಐಫೋನ್ ಆಟ ಬರೆದವರು. ನನ್ನ ಮಗ ಆ ಸುದ್ದಿಯನ್ನು ನನಗೆ ನಾಲ್ಕು ಸಲ ಕಳಿಸಿದ್ದಾನೆ. ಆಕೆ ದೊಡ್ಡವರು, ಸಂಶಯವಿಲ್ಲ. ಆದರೆ ಆಕೆ ಕಂಪ್ಯೂಟರ್ ಕೊಂಡದ್ದು ನಿವೃತ್ತಿಯ ಹೊತ್ತಿಗೆ, ಅರವತ್ತರ ಆಸುಪಾಸಿನಲ್ಲಿ. ಇಪ್ಪತ್ತು ವರ್ಷ ಅದರ ಜೊತೆ ಒದ್ದಾಡಿದ ಮೇಲೆ ಆ ಆಟ ಬಂದದ್ದು. ಸುದ್ದಿಯಲ್ಲಿ ವಯಸ್ಸು ದಪ್ಪ ಅಕ್ಷರದಲ್ಲಿರುತ್ತದೆ, ಇಪ್ಪತ್ತು ವರ್ಷ ಎಲ್ಲೋ ಕೊನೆಯ ಸಾಲಿನಲ್ಲಿ.

ನಾನು ಕಲಿತದ್ದು ಯಾವುದರಿಂದ ಎಂದು ಹೇಳಿ ಮುಗಿಸುತ್ತೇನೆ. ಹಳೆಯ ಸಹಪಾಠಿಯೊಬ್ಬಳು ಕಾಲೇಜಿನ ಕೊನೆಯ ವರ್ಷದ ಗುಂಪು ಫೋಟೋ ಕಳಿಸಿದಳು. ನಲವತ್ತು ಜನ, ಒಬ್ಬೊಬ್ಬರ ಮುಖ ಸಾಸಿವೆ ಕಾಳಿನಷ್ಟು. ಎರಡು ಬೆರಳಿಟ್ಟು ಅಗಲಿಸಿದರೆ ಚಿತ್ರ ದೊಡ್ಡದಾಗುತ್ತದೆ ಎಂದು ಯಾರೂ ನನಗೆ ಹೇಳಿರಲಿಲ್ಲ. ಅವತ್ತು ಮೊಮ್ಮಗಳು ತೋರಿಸಿದಳು. ಮಧ್ಯಾಹ್ನವಿಡೀ ಒಬ್ಬೊಬ್ಬರನ್ನೇ ಹಿಗ್ಗಿಸಿ ನೋಡಿದೆ. ಅಷ್ಟು ಜನರಲ್ಲಿ ಕಣ್ಣು ಮುಚ್ಚಿಕೊಂಡು ನಿಂತವಳು ನಾನೊಬ್ಬಳೇ. ಐವತ್ತು ವರ್ಷ ಇದು ನನಗೆ ಗೊತ್ತೇ ಇರಲಿಲ್ಲ. ನಿಮ್ಮ ಹನ್ನೆರಡು ಜನರನ್ನು ಕೇಳಿದ್ದೀರಾ, ಅವರಿಗೆ ಏನು ನೋಡಬೇಕಿದೆ ಎಂದು?

ಗುಂಡಿ ಎಲ್ಲಿ:

ಆಪ್‌ಗಳ ವಿನ್ಯಾಸ ಮಾಡುವವನು ನಾನು, ಅಂದರೆ ಈ ಪ್ರಕರಣದಲ್ಲಿ ಆರೋಪಿ. ನಮ್ಮ ಕಡೆಯ ತಪ್ಪನ್ನೂ ಸ್ವಲ್ಪ ಹೇಳುತ್ತೇನೆ.

ಮೊದಲು ಪರದೆಯ ಮೇಲಿನ ಗುಂಡಿ ಗುಂಡಿಯ ಹಾಗೆ ಉಬ್ಬಿಕೊಂಡಿರುತ್ತಿತ್ತು, ನೆರಳು ಇರುತ್ತಿತ್ತು. 2013ರಲ್ಲಿ ಐಫೋನಿನ ತಂತ್ರಾಂಶ ಐಒಎಸ್ 7 ಬಂದ ಹೊತ್ತಿಗೆ ಎಲ್ಲರೂ ಅದನ್ನು ಚಪ್ಪಟೆ ಮಾಡಿಬಿಟ್ಟೆವು. ಈಗ ಯಾವುದು ಗುಂಡಿ, ಯಾವುದು ಬರೀ ಅಕ್ಷರ ಎಂದು ತಿಳಿಯಲು ಹಿಂದಿನ ಅನುಭವವೇ ಬೇಕು. ಅನುಭವ ಇಲ್ಲದವರು ಮುಟ್ಟದೆ ಕೂರುತ್ತಾರೆ. ಇನ್ನು ಬಿಳಿಯ ಮೇಲೆ ತೆಳು ಬೂದು ಅಕ್ಷರ, ಅದು ನಮ್ಮ ಕುಲದವರ ಚಟ. ವಯಸ್ಸಾದಂತೆ ಕಣ್ಣಿನ ಮಸೂರ ಹಳದಿಗೆ ತಿರುಗುತ್ತದೆ, ಒಳಗೆ ಬರುವ ಬೆಳಕೇ ಕಡಿಮೆ. ಅಕ್ಷರಕ್ಕೂ ಹಿನ್ನೆಲೆಗೂ ಹೊಳಪಿನಲ್ಲಿ ಕನಿಷ್ಠ 4.5:1 ವ್ಯತ್ಯಾಸ ಇರಬೇಕು ಎಂದು ವೆಬ್ ಮಾರ್ಗಸೂಚಿಯಲ್ಲೇ ಇದೆ. ಮುಟ್ಟುವ ಜಾಗ ಕನಿಷ್ಠ ಆಂಡ್ರಾಯ್ಡ್ ಪ್ರಕಾರ 48 ಡಿಪಿ, ಆಪಲ್ ಪ್ರಕಾರ 44 ಪಾಯಿಂಟ್ ಇರಬೇಕು (ಎರಡೂ ಪರದೆಯ ಮೇಲಿನ ಅಳತೆಗಳು). ನಿಯಮ ಎಲ್ಲರಿಗೂ ಗೊತ್ತು. ಡೆಡ್‌ಲೈನ್ ಬಂದಾಗ ಮೊದಲು ಮರೆಯುವುದೂ ಅದನ್ನೇ.

ಆದ್ದರಿಂದ ಪಾಠಕ್ಕೆ ಮುಂಚೆ ಒಂದು ದಿನ ಬರೀ ಸೆಟ್ಟಿಂಗ್‌ಗೆ ಇಡಿ. ಫಾಂಟ್ ಸೈಜ್ ಒಂದನ್ನೇ ಹೆಚ್ಚಿಸಿದರೆ ಅಕ್ಷರ ಮಾತ್ರ ದೊಡ್ಡದಾಗುತ್ತದೆ, 'ಡಿಸ್‌ಪ್ಲೇ ಸೈಜ್' ಕೂಡ ಹೆಚ್ಚಿಸಿದರೆ ಗುಂಡಿಗಳೂ ಬೆಳೆಯುತ್ತವೆ. 2019ರ ಆಂಡ್ರಾಯ್ಡ್ 10ರ ನಂತರದ ಎಷ್ಟೋ ಫೋನುಗಳಲ್ಲಿ ಕೆಳಗಿನ ಮೂರು ಗುಂಡಿ ಇಲ್ಲದೆ, ಅಂಚಿನಿಂದ ಬೆರಳು ಸರಿಸಬೇಕು. ಬೆರಳಚ್ಚು ಅವರು ಹೇಳಿದ 'ಮನೆಗೆ ಬನ್ನಿ' ಆಟ ಆಡಿಸಬೇಕಾದರೆ ಆ ಮೂರು ಗುಂಡಿಗಳನ್ನು ವಾಪಸ್ ತನ್ನಿ, ಸೆಟ್ಟಿಂಗ್‌ನಲ್ಲಿ ಇರುತ್ತದೆ. ಮತ್ತೆ ಸ್ಕ್ರೀನ್ ಟೈಮ್‌ಔಟ್! ಅವರು ಪುಸ್ತಕದಲ್ಲಿ ಬರೆದುಕೊಂಡದ್ದನ್ನು ಓದಿ ತಲೆ ಎತ್ತುವಷ್ಟರಲ್ಲಿ ಮೂವತ್ತು ಸೆಕೆಂಡ್ ಮುಗಿದು ಪರದೆ ಕಪ್ಪಾಗಿರುತ್ತದೆ. ಕೆಡಿಸಿಬಿಟ್ಟೆ ಅಂದುಕೊಳ್ಳುತ್ತಾರೆ. ತರಗತಿಯ ಮಟ್ಟಿಗೆ ಹತ್ತು ನಿಮಿಷಕ್ಕೆ ಇಡಿ.

ಬೇಡದ್ದನ್ನು ಮುಚ್ಚಿಡುವುದೂ ಹಳೆಯ ಉಪಾಯ. 1984ರಲ್ಲೇ ಐಬಿಎಂನ ಜಾನ್ ಕ್ಯಾರಲ್ ಮತ್ತು ಕ್ಯಾರೊಲಿನ್ ಕ್ಯಾರಿಥರ್ಸ್, ಹೊಸಬರು ಎಡವುವ ಆಯ್ಕೆಗಳನ್ನೆಲ್ಲ ನಿಷ್ಕ್ರಿಯ ಮಾಡಿದ ವರ್ಡ್ ಪ್ರೊಸೆಸರ್ ಕೊಟ್ಟು ನೋಡಿದರು. ಕಲಿಯುವ ಮಕ್ಕಳ ಸೈಕಲ್ಲಿಗೆ ಪಕ್ಕದಲ್ಲಿ ಎರಡು ಸಣ್ಣ ಚಕ್ರ ಹಾಕುತ್ತೇವಲ್ಲ, ಅದೇ ಹೆಸರಿಟ್ಟರು. ಅದರಲ್ಲಿ ಕಲಿತವರು ಬೇಗ ಕಲಿತರು. 2023ರ ಐಒಎಸ್ 17ರಲ್ಲಿ ಬಂದ 'ಅಸಿಸ್ಟಿವ್ ಆಕ್ಸೆಸ್', ಸ್ಯಾಮ್‌ಸಂಗ್‌ನ 'ಈಸಿ ಮೋಡ್' ಎಲ್ಲ ಆ ಜಾತಿಯವೇ. ಎಲ್ಲರಿಗೂ ಹಾಕಬೇಡಿ, ಕೆಲವರಿಗೆ ಅದು ಮಕ್ಕಳ ಆಟಿಕೆ ಕೊಟ್ಟ ಹಾಗೆ ಅನಿಸುತ್ತದೆ. ಕೇಳಿ ಹಾಕಿ.

ಭಾನುವಾರದ ಮೇಷ್ಟ್ರು:

ಎಪ್ಪತ್ಮೂರು ಅಮ್ಮ, ಲೆಕ್ಕ ಹಾಕಿದೆ. ಮೊನ್ನೆಯ ತರಗತಿ ರೆಕಾರ್ಡ್ ಆಗಿತ್ತು. "ಸುಲಭ", "ಸಿಂಪಲ್" ಎರಡೂ ಸೇರಿ ಇಪ್ಪತ್ತಾರು.

ಒಂದು ಚಿಕ್ಕ ಪ್ರಶ್ನೆ. ನೋಟ್ಸ್ ಪ್ರಿಂಟ್ ಮಾಡಿ ಕೊಡಲಾ, ಅವರೇ ಬರ್ಕೊಳ್ಳಲಿ ಅಂತ ಬಿಡಲಾ?

ಬೆರಳಚ್ಚು:

ಅವರೇ ಬರೀಲಿ, ಅವರದೇ ಮಾತಲ್ಲಿ. ನಿಮ್ಮ ಪ್ರಿಂಟಲ್ಲಿ 'ಮೆನು ಐಕಾನ್' ಅಂತ ಇರುತ್ತೆ. ಅವರ ಪುಸ್ತಕದಲ್ಲಿ 'ಮೂರು ಇರುವೆ ಸಾಲು' ಅಂತ ಇರುತ್ತೆ. ಮನೆಗೆ ಹೋದ ಮೇಲೆ ಯಾವುದು ನೆನಪಿಗೆ ಬರುತ್ತೆ ನೀವೇ ಹೇಳಿ.

ಒಂದೇ ಎಚ್ಚರಿಕೆ. 'ಎಡಗಡೆ ಮೇಲಿಂದ ಎರಡನೇದು' ಅಂತ ಜಾಗ ಬರ್ಕೊಂಡರೆ ಒಂದು ಅಪ್‌ಡೇಟ್ ಬಂದ ದಿನ ಪುಸ್ತಕ ಪೂರ್ತಿ ದಂಡ. ನನ್ನ ಹತ್ತಿರ ಒಬ್ಬರು ನಲವತ್ತು ಪುಟ ಹಾಗೆ ಬರೆದಿದ್ದರು, ಮುತ್ತಿನಂಥ ಅಕ್ಷರ. ಆಪ್ ಹೊಸ ವೇಷ ಹಾಕಿಕೊಂಡ ವಾರ ಪುಸ್ತಕ ತಂದು ನನ್ನ ಮೇಜಿನ ಮೇಲಿಟ್ಟು "ಇದೇನು ನ್ಯಾಯ?" ಅಂದರು. ನನ್ನ ಹತ್ತಿರ ಉತ್ತರ ಇರಲಿಲ್ಲ. ಈಗ 'ಯಾವ ಕೆಲಸಕ್ಕೆ, ಏನು ಹುಡುಕಬೇಕು' ಅಂತ ಬರೆಸ್ತೀನಿ. ಬರೆಯೋಕೆ ಕೈ ನೋಯೋರಿಗೆ ಕೀಬೋರ್ಡಿನ ಮೈಕ್ ತೋರಿಸಿ, ಕನ್ನಡದಲ್ಲೇ ಮಾತಾಡಿದರೆ ಬರ್ಕೊಳ್ಳುತ್ತೆ. ಮೊದಮೊದಲು ಫೋನಿಗೆ ಕಿವಿ ಕೇಳಲ್ಲ ಅನ್ನೋ ಥರ ಕೂಗ್ತಾರೆ, ಕೂಗಲಿ ಬಿಡಿ.

ಭಾನುವಾರದ ಮೇಷ್ಟ್ರು:

ವರದಿ ಒಪ್ಪಿಸ್ತಿದ್ದೀನಿ. ಈ ಭಾನುವಾರ ಏಳು ಜನ. ಬಿಟ್ಟು ಹೋದವರ ಮನೆಗೆ ನಾನೇ ಹೋಗಿ, ಫೋನ್ ಪಾಠದ ಮಾತೆತ್ತದೆ, "ನಿಮಗೆ ಏನು ನೋಡಬೇಕಿದೆ?" ಅಂತ ಕೇಳಿ ಬಂದಿದ್ದೆ. ಅದರಲ್ಲಿ ಇಬ್ಬರು ವಾಪಸ್ ಬಂದರು. ಉಳಿದವರು ನೋಡೋಣ ಅಂದಿದ್ದಾರೆ.

ಪ್ರೊಜೆಕ್ಟರ್ ಇಲ್ಲ. ಕುರ್ಚಿಗಳನ್ನ ವೃತ್ತಕ್ಕೆ ಹಾಕಿ ನಾನು ಹಿಂದೆ ನಿಂತೆ. ಹಿಂದೆ ನಿಂತರೆ ಬೆರಳು ಎಷ್ಟು ಚೆನ್ನಾಗಿ ಕಾಣುತ್ತೆ! ಲೆಕ್ಕಪತ್ರದವರು ಬಂದಿದ್ದರು. ಬೆರಳಚ್ಚು ಅವರು ಹೇಳಿದ್ದು ನೂರಕ್ಕೆ ನೂರು ನಿಜ, ಹೆಬ್ಬೆರಳಿಟ್ಟು ಮುದ್ರೆ ಒತ್ತೋ ಹಾಗೆ ಒತ್ತುತ್ತಾರೆ, ಉಗುರು ಬೆಳ್ಳಗಾಗೋವರೆಗೆ. ಇಸ್ತ್ರಿಪೆಟ್ಟಿಗೆ ಅಂದೆ. ಒಂದು ಸಲ ನನ್ನ ಮುಖ ನೋಡಿದರು, ಫೋನನ್ನ ಮೇಜಿನ ಮೇಲಿಟ್ಟು ತೋರುಬೆರಳಲ್ಲಿ ಚಟ್ ಅಂತ ಮುಟ್ಟಿ ಕೈ ಹಿಂದಕ್ಕೆಳೆದರು. ಆಪ್ ತೆರೀತು. ಏನೂ ಮಾತಾಡಲಿಲ್ಲ. ಮುಚ್ಚಿದರು, ಮತ್ತೆ ತೆರೆದರು. ಹಾಗೆ ಎಷ್ಟು ಸಲ ಮಾಡಿದರೋ, ನಾನು ಬೇರೆಯವರ ಹತ್ತಿರ ಹೋಗಿ ಬಂದಾಗಲೂ ಮಾಡ್ತಾನೇ ಇದ್ದರು.

ಮಡಿಲಲ್ಲಿ ಫೋನಿಟ್ಟುಕೊಂಡು ಕೂರೋ ಅಮ್ಮ ಕಣ್ಣು ಮುಚ್ಚೋ ಆಟದಲ್ಲಿ ಮೂರನೇ ಸುತ್ತಿಗೆ ಸೇರಿಕೊಂಡರು. ಅವರಿಗೆ ನೋಡಬೇಕಿದ್ದದ್ದು ತಾವು ಹುಟ್ಟಿದ ಮನೆ ಇದ್ದ ಬೀದಿಯ ಮ್ಯಾಪು. ಅದು ಮುಂದಿನ ವಾರಕ್ಕೆ.

ಕೊನೆಗೆ ಫೋನ್ ಕಟ್ ಮಾಡೋ ಪಾಠ. ನಾನು ಪಕ್ಕದ ಕೋಣೆಗೆ ಹೋಗಿ, ಅವರ ಹತ್ತಿರ ಇಲ್ಲದ ನಂಬರಿನಿಂದ, ದನಿ ಬದಲಾಯಿಸಿ ಒಬ್ಬೊಬ್ಬರಿಗೇ ಮಾಡಿದೆ. ಮೊದಲ ಇಬ್ಬರು ಕಟ್ ಮಾಡಲೇ ಇಲ್ಲ, ಒಬ್ಬರಂತೂ ನನ್ನ ಬ್ಯಾಂಕ್ ಕೆಲಸ ಹೇಗಿದೆ, ಸಂಬಳ ಸರಿಯಾಗಿ ಬರುತ್ತಾ ಅಂತ ವಿಚಾರಿಸಿಕೊಂಡರು. ಮೂರನೆಯವರು ನನ್ನ ಅತ್ತೆ. ನಾನು "ಮೇಡಂ, ನಿಮ್ಮ ಖಾತೆ" ಅನ್ನೋಷ್ಟರಲ್ಲಿ ಕಟ್. ನನಗೇ ಒಂದು ಕ್ಷಣ ಏನಾಯ್ತು ಗೊತ್ತಾಗಲಿಲ್ಲ. ಬಾಗಿಲು ತೆಗೆದು ಹೊರಗೆ ಬಂದರೆ ಎದುರಿಗೇ ನಿಂತಿದ್ದಾರೆ.

"ಬೇಜಾರು ಮಾಡ್ಕೋಬೇಡಿ ಅಳಿಯಂದಿರೇ, ಪಾಠ ಅಲ್ವಾ" ಅಂದರು. ಮುಖದಲ್ಲಿ ಬೇಜಾರಿನ ಲಕ್ಷಣ ಏನೂ ಇರಲಿಲ್ಲ.